ಪಕ್ಕದ ಮನೆಯ ಆಫ್ಘನ್ ದುಭಾಷಿಯ ಕುಟುಂಬಕ್ಕೆ ಇನ್ನೇನು ಮಾಡಬಹುದು?

ಸ್ಯಾಕ್ರಮೆಂಟೋದಲ್ಲಿ ನಿಮ್ಮ ಪಕ್ಕದ ಮನೆಗೆ ಆಫ್ಘನ್ ಕುಟುಂಬ ಬಂದಿದೆ, ಯಜಮಾನರು ಅಮೆರಿಕದ ಸೈನ್ಯಕ್ಕೆ ದುಭಾಷಿಯಾಗಿದ್ದವರು, ಬಟ್ಟೆ ಪಾತ್ರೆ ಕೊಟ್ಟಾಯಿತು, ಇನ್ನೇನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿದ್ದು ಇಂಥ ಕೆಲವು ಕುಟುಂಬಗಳ ಜೊತೆ ಓಡಾಡಿದ್ದೇನೆ. ಅವರಿಗೆ ಎಲ್ಲಕ್ಕಿಂತ ಬೇಕಾಗಿರುವುದು ಕಾಗದಪತ್ರದ ಕೆಲಸಕ್ಕೆ ಜೊತೆಯಲ್ಲಿ ಕೂರುವ ಒಬ್ಬರು.

ಎಸ್‌ಐವಿ ಅನ್ನುವ ವಿಶೇಷ ವಲಸೆ ವೀಸಾದಲ್ಲಿ ಬಂದಿದ್ದರೆ ಗ್ರೀನ್ ಕಾರ್ಡ್ ಸಿಗುತ್ತದೆ. ಆದರೆ 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದಿಂದ ಬಂದ ಬಹಳಷ್ಟು ಜನರಿಗೆ ಸಿಕ್ಕಿದ್ದು ಎರಡು ವರ್ಷದ ಪರೋಲ್, ಅಂದರೆ ತಾತ್ಕಾಲಿಕವಾಗಿ ಇರಲು ಅನುಮತಿ, ಅಷ್ಟೇ. 2025ರ ಕೊನೆಯವರೆಗೆ ಎಸ್‌ಐವಿಗೆ ಅರ್ಜಿ ಹಾಕಲು ಕನಿಷ್ಠ ಒಂದು ವರ್ಷ ದುಡಿದ ದಾಖಲೆ ಬೇಕಿತ್ತು, ಮೇಲಧಿಕಾರಿಯ ಶಿಫಾರಸು ಪತ್ರವೂ ಬೇಕಿತ್ತು. ತಾಲಿಬಾನಿನವರು ಮನೆಗೆ ನುಗ್ಗಿ ಹುಡುಕಿದರೆ ಅನ್ನುವ ಭಯಕ್ಕೆ ಎಷ್ಟೋ ಜನ ಅವನ್ನೆಲ್ಲ ಸುಟ್ಟುಹಾಕಿದ್ದರು. ಜೀವ ಉಳಿಸಿಕೊಳ್ಳಲು ಸುಟ್ಟಿದ್ದನ್ನೇ ಇಲ್ಲಿ ಸಾಕ್ಷಿಗೆ ತನ್ನಿ ಅಂತಾರೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನಗೆ ಗೊತ್ತಿರುವ ಒಬ್ಬರ ಹತ್ತಿರ ಉಳಿದಿದ್ದು ಲ್ಯಾಮಿನೇಟ್ ಮಾಡಿಸಿದ ಒಂದು ಪ್ರಶಂಸಾ ಪತ್ರ. ಮೂಲೆಯೆಲ್ಲ ಬಿಟ್ಟುಕೊಂಡಿತ್ತು. ಕ್ಯಾಪ್ಟನ್ ಸಹಿ ಇತ್ತು, ಯಾವಾಗಿನಿಂದ ಯಾವಾಗಿನವರೆಗೆ ದುಡಿದರು ಅಂತ ಇರಲಿಲ್ಲ. ಹಾಗಾಗಿ ನಡೆಯಲಿಲ್ಲ. ಆ ಸಹಿಯ ಕೆಳಗಿನ ಹೆಸರು ಹಿಡಿದುಕೊಂಡು ಮಾಜಿ ಸೈನಿಕರ ಗುಂಪುಗಳಲ್ಲಿ ಕೇಳುತ್ತಾ ಹೋದೆವು. ಮೂರು ವಾರಕ್ಕೆ ಸಿಕ್ಕರು. ಫೋನಿನಲ್ಲಿ ಸ್ವಲ್ಪ ಹೊತ್ತು ಇಬ್ಬರಿಗೂ ಮಾತೇ ಹೊರಡಲಿಲ್ಲ. ಮಾರನೇ ದಿನವೇ ಪತ್ರ ಬಂತು, ತಾರೀಖುಗಳ ಸಮೇತ.

ಹೆಸರುಗಳನ್ನೂ ನೋಡಿಕೊಡಿ. ಗುರುತಿನ ಚೀಟಿ ತಜ್ಕಿರಾದಿಂದ ಇಂಗ್ಲಿಷಿಗೆ ಬರೆಯುವಾಗ ಒಂದು ಸ್ಪೆಲಿಂಗ್, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಹುಟ್ಟಿದ ದಿನ ಬಹಳ ಜನರಿಗೆ ಜನವರಿ 1, ನಮ್ಮಪ್ಪನಿಗೆ ಶಾಲೆ ಮೇಷ್ಟ್ರು ಜೂನ್ 1 ಅಂತ ಬರೆದ ಹಾಗೆ. ಇನಿಷಿಯಲ್ ಬಿಡಿಸಿ ಸರ್‌ನೇಮ್ ಮಾಡಿಕೊಂಡು ಒದ್ದಾಡಿದ ನಮಗೆ ಈ ಕಷ್ಟ ಬೇಗ ತಿಳಿಯುತ್ತದೆ. ಫಾರಂ ಮಾತ್ರ ನೀವು ತುಂಬಬೇಡಿ. ವಲಸೆ ವಕೀಲರೋ ಪುನರ್ವಸತಿ ಸಂಸ್ಥೆಯ ಮಾನ್ಯತೆ ಪಡೆದ ಸಲಹೆಗಾರರೋ ತುಂಬಲಿ. ದುಡ್ಡು ಕೊಟ್ಟರೆ ಬೇಗ ಮಾಡಿಸ್ತೀನಿ ಅನ್ನುವವರನ್ನು ಹತ್ತಿರ ಬಿಟ್ಟುಕೊಳ್ಳದಂತೆ ಹೇಳಿ.

ಇನ್ನೊಂದು ಮಾತು, ದಯವಿಟ್ಟು. ಅವರ ಜೊತೆ ಊಟ ಮಾಡಿದ ಫೋಟೋ ಫೇಸ್‌ಬುಕ್ಕಿಗೆ ಹಾಕಬೇಡಿ. ಎಸ್‌ಐವಿ ವೀಸಾದಲ್ಲಿ ಹೆಂಡತಿಗೆ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳಿಗೆ ಜಾಗವಿದೆ. ಅಪ್ಪ ಅಮ್ಮ, ಅಣ್ಣ ತಮ್ಮಂದಿರಿಗೆ ಇಲ್ಲ. ಅವರು ಇನ್ನೂ ಆಫ್ಘಾನಿಸ್ತಾನದಲ್ಲೇ ಇರಬಹುದು, ಫೋಟೋ ತಾಲಿಬಾನಿನವರ ಕಣ್ಣಿಗೆ ಬಿದ್ದರೆ ಅವರಿಗೆ ಅಪಾಯ.