ಒಂದು ಸಲ ಐವಿಎಫ್ ಫೇಲ್ ಆದರೆ ಇಆರ್‌ಎ, ಸ್ಕ್ರ್ಯಾಚಿಂಗ್ ಬೇಕೇ ಬೇಕಾ?

ಮೈಸೂರಿನ 32 ವಯಸ್ಸಿನವರೊಬ್ಬರ ಪ್ರಶ್ನೆ ಇದು: ಮೊದಲ ಟ್ರಾನ್ಸ್‌ಫರ್ (ಭ್ರೂಣವನ್ನು ಗರ್ಭಕೋಶಕ್ಕೆ ಹಾಕೋದು) ಫೇಲ್ ಆದ ಮೇಲೆ ಆಸ್ಪತ್ರೆಯವರು ಇಆರ್‌ಎ (ಗರ್ಭಕೋಶದ ಒಳಪದರ ಭ್ರೂಣ ಹಿಡಿಯಲು ಯಾವಾಗ ಸಿದ್ಧ ಎಂಬ ಪರೀಕ್ಷೆ), ಸ್ಕ್ರ್ಯಾಚಿಂಗ್ (ಒಳಪದರವನ್ನು ಸ್ವಲ್ಪ ಕೆರೆಯೋದು), ಪಿಜಿಟಿ-ಎ (ಭ್ರೂಣದ ಕ್ರೋಮೋಸೋಮ್ ಪರೀಕ್ಷೆ) ಎಂಬ ಪಟ್ಟಿ ಕೊಟ್ಟಿದ್ದಾರೆ, ಮಾಡಿಸಬೇಕಾ? 32 ವಯಸ್ಸಿಗೆ ಮೊದಲ ಟ್ರಾನ್ಸ್‌ಫರ್ ಫೇಲ್ ಆಗಿದ್ದಕ್ಕೆ ಹೆಚ್ಚಾಗಿ ಭ್ರೂಣದಲ್ಲೇ ಇದ್ದ ಕ್ರೋಮೋಸೋಮ್ ದೋಷ ಕಾರಣ, ಗರ್ಭಕೋಶವಲ್ಲ. ಹಾಗಾಗಿ ಇಆರ್‌ಎ, ಸ್ಕ್ರ್ಯಾಚಿಂಗ್ ಎರಡಕ್ಕೂ ಈಗಲೇ ದುಡ್ಡು ಕಟ್ಟಬೇಡಿ.

ಮೊದಲು ಫೈಲ್ ಕಾಪಿ ತಗೊಳ್ಳಿ. ಭ್ರೂಣದ ಗ್ರೇಡ್, ಎಷ್ಟನೇ ದಿನ ಹಾಕಿದರು, ಒಳಪದರ ಎಷ್ಟು ಮಿಮೀ ಇತ್ತು, ಫ್ರೀಜ್ ಆಗಿರೋದು ಎಷ್ಟು, ನೋಡಿ. ಆಮೇಲೆ ಥೈರಾಯ್ಡ್ ಪರೀಕ್ಷೆ, ಮತ್ತು ಗರ್ಭಕೋಶದಲ್ಲಿ ಪಾಲಿಪ್ (ಸಣ್ಣ ಗಡ್ಡೆ) ಇದೆಯಾ ಎಂಬ ಸ್ಕ್ಯಾನ್.

ಸ್ಕ್ರ್ಯಾಚಿಂಗ್ ಬಗ್ಗೆ 2019ರಲ್ಲಿ 1,300ಕ್ಕೂ ಜಾಸ್ತಿ ಹೆಂಗಸರ ಅಧ್ಯಯನ ಪ್ರಕಟವಾಯಿತು. ಮಾಡಿಸಿದವರಲ್ಲೂ ಮಾಡಿಸದವರಲ್ಲೂ ಮಗು ಹುಟ್ಟಿದ್ದು ಶೇ. 26ರಷ್ಟೇ. ಸುಮ್ನೆ ನೋವು ಅಲ್ವಾ? ಇಆರ್‌ಎಗೆ ಒಂದು ತಿಂಗಳು ಬರೀ ಔಷಧಿ ತಗೊಂಡು ಬಯಾಪ್ಸಿ ಮಾಡಿಸಬೇಕು, ಆ ತಿಂಗಳು ಟ್ರಾನ್ಸ್‌ಫರ್ ಇರಲ್ಲ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಸ್ಥೆ ಎಶ್ರೆ 2023ರಲ್ಲಿ ಇವೆರಡನ್ನೂ ಮಾಮೂಲಿಯಾಗಿ ಮಾಡಬೇಡಿ ಎಂದಿದೆ. ಪಿಜಿಟಿ-ಎ ವಿಚಾರ ಬೇರೆ. ವಯಸ್ಸು ಜಾಸ್ತಿ ಇದ್ದವರಿಗೆ, ಪದೇ ಪದೇ ಗರ್ಭಪಾತ ಆದವರಿಗೆ ಬೇಕೋ ಬೇಡವೋ ಎಂದು ತಜ್ಞರಲ್ಲೇ ಒಮ್ಮತವಿಲ್ಲ.

ನಮಗೂ ಇದೇ ಪಟ್ಟಿ ಕೊಟ್ಟಿದ್ದರು, ಕೆಳಗೆ ಪೆನ್ನಲ್ಲಿ ‘ಪ್ಯಾಕೇಜ್‌ಗೆ ಹೊರತು’ ಅಂತ ಬರೆದು. ‘ನಮ್ಮ ಕೇಸಿಗೆ ಇದು ಯಾಕೆ, ಬರೆದು ಕೊಡಿ ಡಾಕ್ಟ್ರೇ’ ಎಂದು ಕೇಳಿ. ಉತ್ತರ ತೃಪ್ತಿ ಕೊಡದಿದ್ದರೆ ಅದೇ ಫೈಲ್ ಹಿಡಿದು ಮೈಸೂರಲ್ಲೇ ಇನ್ನೊಬ್ಬರಿಗೆ ತೋರಿಸಿ. ಅಲ್ಲಿ 2021ರ ಎಆರ್‌ಟಿ ಕಾಯ್ದೆಯ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ನೋಂದಣಿ ಪತ್ರ ಇದೆಯಾ ನೋಡಿಕೊಳ್ಳಿ. ಫ್ರೀಜ್ ಆದ ಭ್ರೂಣ ಅಲ್ಲಿವರೆಗೆ ಹಾಳಾಗಲ್ಲ.