ಸೀರಿಯಲ್ ಕೇಬಲ್‌ನ ವೇಗ ಏರಿಸಿದರೆ ಯುಡೋರಾ ಅರ್ಧಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ 3.11 ಇರುವ ನನ್ನ 486 ಕಂಪ್ಯೂಟರನ್ನು ಸೀರಿಯಲ್ ಕೇಬಲ್‌ನಿಂದ ಲಿನಕ್ಸ್ ಯಂತ್ರಕ್ಕೆ ಜೋಡಿಸಿದ್ದೇನೆ. ಟ್ರಂಪೆಟ್ ವಿನ್‌ಸಾಕ್ ಎಂಬ ತಂತ್ರಾಂಶದ ಮೂಲಕ ಪಿಪಿಪಿ (ಸೀರಿಯಲ್ ತಂತಿಯ ಮೇಲೆ ನೆಟ್‌ವರ್ಕ್ ನಡೆಸುವ ವಿಧಾನ) ಸಂಪರ್ಕ ಪಡೆದು, ಆ ಯಂತ್ರದಲ್ಲಿರುವ ಮೇಲ್ ಸರ್ವರ್‌ನ ಪತ್ರಗಳನ್ನು ಯುಡೋರಾ ಎಂಬ ಮೇಲ್ ತಂತ್ರಾಂಶದಲ್ಲಿ ಓದುತ್ತೇನೆ. ವೇಗ ಸೆಕೆಂಡಿಗೆ 9600 ಬಿಟ್ ಇದ್ದಾಗ ತೊಂದರೆಯಿಲ್ಲ. 57600ಕ್ಕೆ ಏರಿಸಿದರೆ ಸಣ್ಣ ಪತ್ರಗಳು ಬರುತ್ತವೆ, ಲಗತ್ತು ಇರುವ ಪತ್ರಗಳು ಅರ್ಧಕ್ಕೇ ನಿಂತುಬಿಡುತ್ತವೆ. ಯುಡೋರಾದಲ್ಲಿ ಏನು ಬದಲಿಸಬೇಕು?

ಉತ್ತರ: ವೇಗದ ಮಟ್ಟಿಗೆ ಯುಡೋರಾದಲ್ಲಿ ಬದಲಿಸಬೇಕಾದದ್ದು ಏನೂ ಇಲ್ಲ; ದೋಷವಿರುವುದು ಹೆಚ್ಚಾಗಿ ಪೋರ್ಟ್‌ನ ಚಿಪ್‌ನಲ್ಲಿ ಅಥವಾ ಕೇಬಲ್‌ನಲ್ಲಿ. ಆದರೂ ವೇಗ ಏರಿಸುವ ನಿಮ್ಮ ಪ್ರಯತ್ನ ಸರಿಯಾದದ್ದೇ. ಸೀರಿಯಲ್ ತಂತಿಯಲ್ಲಿ ಒಂದು ಬೈಟ್‌ಗೆ 10 ಬಿಟ್‌ಗಳು ಬೇಕಾಗುವುದರಿಂದ 9600ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟ್‌ಗಳು ಸಾಗುತ್ತವೆ. 300 ಕೆಬಿಯ ಚಿತ್ರವೊಂದು ಮೇಲ್‌ಗಾಗಿ ಅಕ್ಷರಗಳಾಗಿ ಬದಲಾದಾಗ ಸುಮಾರು 400 ಕೆಬಿ ಆಗುತ್ತದೆ. ಅದನ್ನು ಇಳಿಸಲು ಏಳು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. 57600ರಲ್ಲಿ ಅದೇ ಕೆಲಸ ಒಂದೂಕಾಲು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು.

ಆದರೆ ಆ ವೇಗದಲ್ಲಿ 174 ಮೈಕ್ರೊಸೆಕೆಂಡಿಗೊಂದು ಬೈಟ್ ಬಂದು ಬೀಳುತ್ತದೆ. ಹಳೆಯ 8250 ಚಿಪ್ ಬಂದ ಒಂದೇ ಒಂದು ಬೈಟನ್ನು ಹಿಡಿದಿಟ್ಟುಕೊಳ್ಳಬಲ್ಲದು. ವಿಂಡೋಸ್ ಹಾರ್ಡ್ ಡಿಸ್ಕ್‌ಗೆ ಬರೆಯುವ ಗಡಿಬಿಡಿಯಲ್ಲಿ ಅದನ್ನು ಎತ್ತಿಕೊಳ್ಳಲು ತಡಮಾಡಿದರೆ ಮುಂದಿನ ಬೈಟ್ ಅದನ್ನು ಅಳಿಸಿಹಾಕುತ್ತದೆ. ಒಂದು ಬೈಟ್ ಕಳೆದರೂ ಇಡೀ ಪ್ಯಾಕೆಟ್ (ಒಟ್ಟಿಗೆ ಕಳುಹಿಸಿದ ಬೈಟ್‌ಗಳ ಕಟ್ಟು) ತಿರಸ್ಕೃತವಾಗಿ, ಮತ್ತೆ ಬಂದು, ಮತ್ತೆ ಕೆಡುತ್ತದೆ. ಸಣ್ಣ ಪತ್ರಗಳು ಪಾರಾಗಿ ಲಗತ್ತುಗಳು ಸಿಕ್ಕಿಬೀಳುವುದು ಇದರಿಂದಲೇ. 16550ಎ ಚಿಪ್ 16 ಬೈಟ್‌ಗಳನ್ನು ಕಾದಿರಿಸಿಕೊಳ್ಳುವುದರಿಂದ ವಿಂಡೋಸ್‌ಗೆ ಉಸಿರಾಡಲು ಬಿಡುವು ಸಿಗುತ್ತದೆ.

ನಿಮ್ಮಲ್ಲಿ ಯಾವ ಚಿಪ್ ಇದೆಯೆಂದು ತಿಳಿಯಲು ವಿಂಡೋಸ್‌ನಿಂದ ಪೂರ್ತಿ ಹೊರಬಂದು, ಡಾಸ್‌ನಲ್ಲಿ ಎಂಎಸ್‌ಡಿ (MSD, ಯಂತ್ರದ ಭಾಗಗಳ ವಿವರ ತೋರಿಸುವ ತಂತ್ರಾಂಶ) ಎಂದು ಟೈಪ್ ಮಾಡಿ, ಕಾಮ್ (ಸೀರಿಯಲ್) ಪೋರ್ಟ್‌ಗಳ ಪುಟ ತೆರೆಯಿರಿ. ಚಿಪ್‌ನ ಹೆಸರು ಕೊನೆಯ ಸಾಲಿನಲ್ಲಿರುತ್ತದೆ. 8250 ಎಂದಿದ್ದರೆ ಆ ಪೋರ್ಟ್ ಇರುವ ಕಾರ್ಡನ್ನು ಹೊರತೆಗೆದು ನೋಡಿ. ಕೆಲವು ಹಳೆಯ ಕಾರ್ಡ್‌ಗಳಲ್ಲಿ 40 ಕಾಲುಗಳ ಆ ಚಿಪ್ ಸಾಕೆಟ್‌ನಲ್ಲಿ ಕೂತಿರುತ್ತದೆ, ಅದನ್ನು ಕಿತ್ತು ಅದೇ ಜಾಗದಲ್ಲಿ 16550ಎ ಕೂರಿಸಬಹುದು. ಒಂದು ತುದಿಯ ಅರ್ಧಚಂದ್ರಾಕಾರದ ಕಚ್ಚು ಮೊದಲಿದ್ದ ದಿಕ್ಕಿನಲ್ಲೇ ಇರಬೇಕು. ಬೆಸುಗೆ ಹಾಕಿದ್ದರೆ ಬೇರೆ ಕಾರ್ಡ್ ಹುಡುಕುವುದೇ ಮೇಲು. ಹೆಸರಿನ ಕೊನೆಯ ‘ಎ’ ಮುಖ್ಯ, ಏಕೆಂದರೆ ಮೊದಲು ಬಂದ 16550ರ ಕಾದಿರಿಸುವ ವ್ಯವಸ್ಥೆಯಲ್ಲೇ ದೋಷವಿತ್ತು. ಬಳಿಕ ಸಿಸ್ಟಂ ಡಾಟ್ ಐಎನ್ಐ (SYSTEM.INI) ಕಡತದ 386 ಎನ್‌ಹಾನ್ಸ್ಡ್ ([386Enh]) ವಿಭಾಗದಲ್ಲಿ, ಆ ಕಾದಿರಿಸುವ ವ್ಯವಸ್ಥೆಯನ್ನು ನಿಲ್ಲಿಸುವ ಕಾಮ್1ಫಿಫೋ=0 (COM1FIFO=0) ಎಂಬ ಸಾಲಿದ್ದರೆ ಅದನ್ನು 1 ಮಾಡಿ.

ಚಿಪ್ ಸರಿಯಿದ್ದರೆ ಕೇಬಲ್ ಪರೀಕ್ಷಿಸಿ. ಮೂರೇ ತಂತಿಗಳ ಕೇಬಲ್ 9600ಕ್ಕೆ ಸಾಕಾಗುತ್ತದೆ, ಆದರೆ ‘ಸ್ವಲ್ಪ ತಡೆ’ ಎಂದು ಹೇಳುವ ತಂತಿಗಳು ಅದರಲ್ಲಿರುವುದಿಲ್ಲ. ಎರಡೂ ಕಡೆ 9 ಪಿನ್‌ಗಳಿದ್ದರೆ 2 ಮತ್ತು 3, 7 ಮತ್ತು 8 ಪರಸ್ಪರ ಅಡ್ಡವಾಗಿ, 5 ನೇರವಾಗಿ ಸೇರಿರಬೇಕು. ಮಲ್ಟಿಮೀಟರ್ ಇಟ್ಟು ಒಂದೊಂದನ್ನೂ ನೋಡಿ. ಆ ತಡೆಯುವ ತಂತಿಗಳನ್ನು ಬಳಸಲು ಟ್ರಂಪೆಟ್‌ನಲ್ಲಿ ಹಾರ್ಡ್‌ವೇರ್ ಹ್ಯಾಂಡ್‌ಶೇಕ್ ಆಯ್ದು, ಲಿನಕ್ಸ್‌ನಲ್ಲಿ ಪಿಪಿಪಿ ಸಂಪರ್ಕ ನಡೆಸುವ ಪಿಪಿಪಿಡಿಗೆ (pppd) ಅದೇ ಕೆಲಸದ ಸಿಆರ್‌ಟಿಎಸ್‌ಸಿಟಿಎಸ್ (crtscts) ಆಯ್ಕೆಯನ್ನೂ ಅದೇ ವೇಗವನ್ನೂ ಕೊಡಿ.

ಪರೀಕ್ಷೆ ಮುಗಿಯುವವರೆಗೆ ಪತ್ರಗಳನ್ನು ಸರ್ವರ್‌ನಲ್ಲೇ ಉಳಿಸುವ ಆಯ್ಕೆಯನ್ನು ಯುಡೋರಾದಲ್ಲಿ ದಯವಿಟ್ಟು ಗುರುತು ಮಾಡಿಡಿ. 19200, 38400, 57600 ಎಂದು ಹಂತಹಂತವಾಗಿ ಏರಿಸುತ್ತ, ಪ್ರತಿ ಸಲವೂ ಅದೇ ಲಗತ್ತನ್ನು ನಿಮಗೇ ಕಳುಹಿಸಿಕೊಂಡು ಇಳಿಸಿ ನೋಡಿ.