ಕರಾವಳಿಯ ಹಳೆಯ ಹೋಂಡಾ ಸಿಟಿ: ತುಕ್ಕು ಹಿಡಿದ ಸಸ್ಪೆನ್ಶನ್ ಬೋಲ್ಟ್ ಬಿಡಿಸುವುದು ಹೇಗೆ? ಗೇರ್‌ಬಾಕ್ಸಿಗೆ ಯಾವ ಎಣ್ಣೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಮನೆ ಮರವಂತೆಯ ಹತ್ತಿರ, ಕಾರು 2010ರ ಹೋಂಡಾ ಸಿಟಿ, ಮ್ಯಾನ್ಯುವಲ್ ಗೇರ್. ಮುಂದಿನ ಲೋವರ್ ಆರ್ಮಿನ (ಚಕ್ರವನ್ನು ಕಾರಿನ ಅಡಿಭಾಗಕ್ಕೆ ಸೇರಿಸುವ ಉಕ್ಕಿನ ತೋಳು) ಬುಷ್‌ಗಳು ಸವೆದಿವೆ, ಬೋಲ್ಟ್ ಮಿಸುಕುತ್ತಿಲ್ಲ, ಗ್ಯಾರೇಜಿನವರು ಗ್ಯಾಸ್ ಹಚ್ಚಿ ಕತ್ತರಿಸಬೇಕು ಎನ್ನುತ್ತಿದ್ದಾರೆ. ಇದೇ ಸಮಯಕ್ಕೆ ಗೇರ್ ಎಣ್ಣೆಯನ್ನೂ ಬದಲಿಸೋಣವೆಂದರೆ ಅಂಗಡಿಯವರು ‘90 ನಂಬರ್’ ಎಣ್ಣೆಯ ಡಬ್ಬ ಕೊಟ್ಟಿದ್ದಾರೆ. ಎಣ್ಣೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಅದನ್ನು ಹಾಕಬೇಡಿ. ಕಾರಣವನ್ನು ಆಮೇಲೆ ಹೇಳುತ್ತೇನೆ. ಬೋಲ್ಟಿನ ಕಥೆಯೇ ದೊಡ್ಡದು.

ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಉಡುಪಿ ಸೀಮೆಯಲ್ಲಿದ್ದುಕೊಂಡು ನನ್ನ ಮತ್ತು ನೆಂಟರಿಷ್ಟರ ಹಳೆಯ ಕಾರುಗಳ ಅಡಿಯಲ್ಲಿ ಮಲಗುವ ಚಟದವನು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಪ್ರವಾಸಿಗರಿಗೆ ಅದು ಚಿತ್ರ ತೆಗೆಯುವ ಜಾಗ, ಕಾರಿನ ಕೆಳಭಾಗಕ್ಕೆ ವರ್ಷವಿಡೀ ಉಪ್ಪಿನ ಸ್ನಾನ. ಗಾಳಿಯಲ್ಲಿ ಬರುವ ಉಪ್ಪು ಉಕ್ಕಿನ ಮೇಲೆ ಕುಳಿತು ತೇವವನ್ನು ಹಿಡಿದಿಡುತ್ತದೆ, ತುಕ್ಕಿನ ವೇಗ ಹೆಚ್ಚಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಹಾಗೆ ಉಬ್ಬಿದಾಗ ಬೋಲ್ಟನ್ನು ಎಲ್ಲ ಕಡೆಯಿಂದ ಅದುಮಿ ಹಿಡಿಯುತ್ತದೆ.

ಲೋವರ್ ಆರ್ಮಿನಲ್ಲಿ ಬೋಲ್ಟ್ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಥ್ರೆಡ್ಡಿನಲ್ಲಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬುಷ್ ಎಂದರೆ ಬರಿಯ ರಬ್ಬರ್ ಅಲ್ಲ. ಅದರ ಮಧ್ಯದಲ್ಲಿ ಒಂದು ಉಕ್ಕಿನ ಕೊಳವೆಯಿರುತ್ತದೆ, ಬೋಲ್ಟ್ ಆ ಕೊಳವೆಯೊಳಗಿಂದ ಹಾಯುತ್ತದೆ. ಬೋಲ್ಟಿನ ನಯವಾದ ಮೈಯೂ ಕೊಳವೆಯ ಒಳಮೈಯೂ ತುಕ್ಕಿನಿಂದ ಒಂದಾಗಿಬಿಡುತ್ತವೆ. ಆಗ ನೀವು ಬೋಲ್ಟಿನ ತಲೆ ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗುತ್ತದೆ, ರಬ್ಬರ್ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿಕೊಳ್ಳುತ್ತದೆ, ಸ್ಪ್ಯಾನರ್ ಬಿಟ್ಟ ಕೂಡಲೇ ಎಲ್ಲವೂ ಮೊದಲಿನ ಜಾಗಕ್ಕೇ ಮರಳುತ್ತದೆ. ‘ಸ್ವಲ್ಪ ಸಡಿಲವಾಯಿತು’ ಎಂಬ ಭ್ರಮೆ ಹುಟ್ಟುವುದು ಇಲ್ಲೇ. ನಿಮ್ಮ ಕಾರಿನಲ್ಲಿ ಹೀಗಾಗುತ್ತಿದ್ದರೆ ಎಷ್ಟು ಎಣ್ಣೆ ಸಿಂಪಡಿಸಿದರೂ ಪ್ರಯೋಜನ ಕಡಿಮೆ. ಆ ಉದ್ದನೆಯ ಕೊಳವೆಯ ನಡುವಿಗೆ ಎಣ್ಣೆ ಇಳಿಯುವುದೇ ಇಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಸಲಕರಣೆಯದ್ದಲ್ಲ, ಖರೀದಿಯದ್ದು. ಕಾರನ್ನು ಜ್ಯಾಕಿನ ಮೇಲೆ ಏರಿಸುವ ಮೊದಲೇ ಹೊಸ ಬುಷ್, ಹೊಸ ಬೋಲ್ಟ್, ಹೊಸ ನಟ್ ಮನೆಗೆ ಬಂದಿರಲಿ. ಬುಷ್ ಮಾತ್ರ ಬದಲಿಸುವುದಕ್ಕಿಂತ ಇಡೀ ಆರ್ಮ್ ಕೊಳ್ಳುವುದು ಕೆಲವೊಮ್ಮೆ ಜಾಣತನ, ಏಕೆಂದರೆ ಬುಷ್ ಒತ್ತಿ ಕೂರಿಸುವ ಪ್ರೆಸ್ ಎಲ್ಲ ಗ್ಯಾರೇಜುಗಳಲ್ಲಿ ಇರುವುದಿಲ್ಲ. ಹಳೆಯ ಬೋಲ್ಟ್ ಹೇಗೂ ಸತ್ತಿದೆ ಎಂದುಕೊಂಡರೆ ಕೆಲಸ ಅರ್ಧ ಹಗುರ. ಅದನ್ನು ಉಳಿಸಲು ಹೋಗುವವರೇ ದಿನಗಟ್ಟಲೆ ಒದ್ದಾಡುವುದು.

ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟ್ ಹಾಕಿಬಿಡೋಣ, ತುಕ್ಕಿನ ತಂಟೆಯೇ ಇರುವುದಿಲ್ಲ ಎಂದು ನಿಮ್ಮ ಕಡೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಸಸ್ಪೆನ್ಶನ್ನಿಗೆ ಬಳಸುವಂಥ 10.9 ದರ್ಜೆಯ ಉಕ್ಕಿನ ಬೋಲ್ಟ್ ತಡೆಯುವ ಎಳೆತ 1,000 ಮೆಗಾಪಾಸ್ಕಲ್, ಪೇಟೆಯಲ್ಲಿ ಸಿಗುವ ಎ2-70 ಸ್ಟೇನ್‌ಲೆಸ್ಸಿನದು 700. ಚಕ್ರವನ್ನು ಹಿಡಿದಿರುವ ಜಾಗದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಇನ್ನು ಕೆಲಸ. ಜ್ಯಾಕನ್ನೊಂದೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಥ್ರೆಡ್ ಹೊರಗೆ ಕಾಣುವಲ್ಲಿ ತಂತಿ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ. ಆ ಕೊಳೆಯ ಮೇಲೆಯೇ ನಟ್ಟನ್ನು ಹಾಯಿಸಿದರೆ ಮಧ್ಯದಲ್ಲಿ ಕಚ್ಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿ, ಬೆಳಿಗ್ಗೆ ಮತ್ತೊಮ್ಮೆ ಹಾಕಿ. ಎಲ್ಲರ ಮನೆಯಲ್ಲಿರುವ ಡಬ್ಲ್ಯುಡಿ-40 ಮೂಲತಃ ನೀರನ್ನು ಹೊರದೂಡಲೆಂದು ಮಾಡಿದ ದ್ರವ. ಅಂಟಿಕೊಂಡ ಬೋಲ್ಟಿಗೆ ಅದಕ್ಕೆಂದೇ ಮಾಡಿದ ಪೆನೆಟ್ರೇಟಿಂಗ್ ಎಣ್ಣೆ ಮೇಲು. ಅಸಿಟೋನ್ ಜೊತೆಗೆ ಆಟೋಮ್ಯಾಟಿಕ್ ಗೇರ್ ದ್ರವ ಬೆರೆಸುವ ಮನೆಮದ್ದು ಕೆಲಸ ಮಾಡುತ್ತದೆ. ಆದರೆ ಅಸಿಟೋನ್ ಬಣ್ಣವನ್ನು ತಿನ್ನುತ್ತದೆ, ಬೆಂಕಿಯನ್ನು ಬೇಗ ಹಿಡಿಯುತ್ತದೆ, ಅದನ್ನು ಹಾಕಿದ ದಿನ ಗ್ಯಾಸ್ ಟಾರ್ಚ್ ಹಚ್ಚಬಾರದು.

ಸಾಕೆಟ್ ಆರು ಮೂಲೆಯದೇ ಆಗಿರಲಿ. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯ ಅಂಚನ್ನು ಸವರಿ ದುಂಡಗೆ ಮಾಡಿಬಿಡುತ್ತದೆ. ಮೊದಲ ಎಳೆತ ಬಿಗಿಯುವ ದಿಕ್ಕಿಗೆ, ಒಂದಿಷ್ಟೇ. ತುಕ್ಕಿನ ಪದರ ಬಿರಿಯಲಿ. ಆಮೇಲೆ ಬಿಚ್ಚುವ ದಿಕ್ಕಿಗೆ. ಕಾಲು ಸುತ್ತು ಹಿಂದೆ ಬಂದರೆ ಸ್ವಲ್ಪ ಮುಂದೆ ಕಳಿಸಿ, ಎಣ್ಣೆ ಬಿಡಿ, ಮತ್ತೆ ಹಿಂದೆ. ಗಾಳಿಯ ಇಂಪ್ಯಾಕ್ಟ್ ಗನ್ ಇದ್ದರೆ ಅದರ ಬಡಿತ ನಿಮ್ಮ ತೋಳಿನ ಒಂದೇ ದಮ್ಮಿನ ಎಳೆತಕ್ಕಿಂತ ವಾಸಿ.

ಇಲ್ಲಿ ಒಂದು ಅಪಾಯ. ನಟ್ ಎದ್ದು ಕಾಣುತ್ತಿದೆಯೇ, ಅಥವಾ ಸಬ್‌ಫ್ರೇಮಿನ (ಆರ್ಮ್ ಕೂರುವ ಉಕ್ಕಿನ ಚೌಕಟ್ಟು) ಪೊಳ್ಳಿನೊಳಗೆ ಬೆಸುಗೆಯಾಗಿ ಕುಳಿತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿಕೊಳ್ಳಿ. ಬೆಸುಗೆಯ ನಟ್ ಆಗಿದ್ದು, ಬೋಲ್ಟನ್ನು ಹಟಕ್ಕೆ ಬಿದ್ದು ತಿರುಗಿಸಿ ಆ ಬೆಸುಗೆ ಬಿಟ್ಟುಹೋದರೆ, ನಟ್ ಕೈಗೆಟುಕದ ಜಾಗದಲ್ಲಿ ಸುಮ್ಮನೆ ಸುತ್ತುತ್ತಿರುತ್ತದೆ. ಆಮೇಲೆ ಸಬ್‌ಫ್ರೇಮಿಗೇ ಕಿಟಕಿ ಕೊರೆದು ಅದನ್ನು ಹಿಡಿಯಬೇಕಾಗುತ್ತದೆ. ತಲೆ ತಿರುಗಿ ಬುಷ್ ಜೊತೆಗೇ ಹಿಂಡಿಕೊಳ್ಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ, ಕತ್ತರಿಸಿ.

ಅಂದರೆ ನಿಮ್ಮ ಗ್ಯಾರೇಜಿನವರು ಹೇಳಿದ್ದು ಅರ್ಧ ಸರಿ. ಕತ್ತರಿಸಬೇಕು ನಿಜ, ಗ್ಯಾಸಿನಿಂದ ಅಲ್ಲ. ಬುಷ್ ಮತ್ತು ಬ್ರ್ಯಾಕೆಟ್ಟಿನ ನಡುವಿನ ಸಂದಿಯಲ್ಲಿ, ಎರಡೂ ಬದಿಗೆ, ಕಬ್ಬಿಣಕ್ಕೆ ತಕ್ಕ ಅಲಗು ಹಾಕಿದ ರೆಸಿಪ್ರೊಕೇಟಿಂಗ್ ಗರಗಸದಿಂದ ಕೊಯ್ದರೆ ಆರ್ಮ್ ಕಳಚಿ ಕೈಗೆ ಬರುತ್ತದೆ. ಬೆಂಕಿ ತಾಗಿದರೆ ಬುಷ್ಷಿನ ರಬ್ಬರ್ ಹೊತ್ತಿ ಹೊಗೆಯಾಡುತ್ತದೆ, ಸಮೀಪದಲ್ಲೇ ಬ್ರೇಕಿನ ರಬ್ಬರ್ ಕೊಳವೆ, ಬಾಲ್ ಜಾಯಿಂಟಿನ ರಬ್ಬರ್ ಹೊದಿಕೆ ಇರುತ್ತವೆ. ಬೆಂಕಿಗೆ ಸರಿಯಾದ ಸಮಯ ಆರ್ಮ್ ಹೊರಬಂದ ಮೇಲೆ: ನಟ್ಟಿನಲ್ಲಿ ಉಳಿದ ಬೋಲ್ಟಿನ ತುಂಡನ್ನು ತೆಗೆಯಲು ಆ ನಟ್ಟನ್ನು ಕಾಯಿಸಿ ಹಿಗ್ಗಿಸಿ, ತುಂಡನ್ನು ವೈಸ್ ಗ್ರಿಪ್ಪಿನಿಂದ ಹಿಡಿದು ತಿರುಗಿಸಿ. ಕಾಯಿಸುವ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಎಂದಿಗೂ ತೊಳೆದಿರಬಾರದು. ಅದು ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಇದು ಹೆದರಿಸುವ ಮಾತಲ್ಲ, ನಿಜವಾಗಿಯೂ ಪ್ರಾಣ ತೆಗೆಯಬಲ್ಲದ್ದು.

ಹೊಸದನ್ನು ಜೋಡಿಸುವಾಗ ಬೋಲ್ಟಿನ ನಯವಾದ ಮೈಗೆ, ಕೊಳವೆಯೊಳಗೆ ಹೋಗುವ ಭಾಗಕ್ಕೆ, ಅಂಟಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಲೇಪನ ತೆಳ್ಳಗೆ ಹಚ್ಚಿ. ಥ್ರೆಡ್ಡಿಗೆ ಬೇಡ. ಅಲ್ಲಿ ಹಚ್ಚಿದರೆ ಘರ್ಷಣೆ ಕಡಿಮೆಯಾಗಿ, ಟಾರ್ಕ್ ರೆಂಚ್ ಕೈಪಿಡಿಯ ಸಂಖ್ಯೆ ತೋರಿಸುವಷ್ಟರಲ್ಲಿ ಬೋಲ್ಟ್ ಅಳತೆ ಮೀರಿ ಎಳೆದುಕೊಂಡಿರುತ್ತದೆ. ಇನ್ನೊಂದು ವಿಷಯ ಎಷ್ಟೋ ಗ್ಯಾರೇಜುಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಬುಷ್ಷಿನ ಬೋಲ್ಟಿಗೆ ಕೊನೆಯ ಬಿಗಿ ಕೊಡಬೇಕಾದದ್ದು ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ‘ಕಂಪನಿಯ ಬುಷ್ಷೂ ಈಗ ಬಾಳಿಕೆ ಬರುವುದಿಲ್ಲ’ ಎಂಬ ದೂರುಗಳಲ್ಲಿ ಒಂದಷ್ಟಕ್ಕೆ ಇದೇ ಮೂಲ ಎಂಬುದು ನನ್ನ ಗುಮಾನಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಈಗ ಎಣ್ಣೆ. ಡಬ್ಬದ ಮೇಲೆ ನೋಡಬೇಕಾದದ್ದು ಎರಡು: ಜಿಎಲ್ ಎಂಬ ದರ್ಜೆ, ದಪ್ಪವನ್ನು ಹೇಳುವ 90ರಂಥ ಸಂಖ್ಯೆ. ನಿಮ್ಮ ಕಾರು ಮುಂಚಕ್ರ ಚಾಲನೆಯದು, ಗೇರ್ ಮತ್ತು ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಗಾಲಿಗಳ ಜೋಡಣೆ) ಎರಡೂ ಒಂದೇ ಪೆಟ್ಟಿಗೆಯಲ್ಲಿ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಅಲ್ಲಿರುವುದು ಹೆಲಿಕಲ್, ಅಂದರೆ ಓರೆಯಾಗಿ ಕೊರೆದ ಹಲ್ಲುಗಳು. ಹಿಂಚಕ್ರ ಚಾಲನೆಯ ಜೀಪು, ಪಿಕಪ್‌ಗಳ ಹಿಂದಿನ ಆಕ್ಸಲಿನಲ್ಲಿರುವ ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆಂದೇ ಗಂಧಕ ಮತ್ತು ರಂಜಕದ ರಾಸಾಯನಿಕಗಳನ್ನು ಹೆಚ್ಚಾಗಿ ಸೇರಿಸಿದ್ದು ಜಿಎಲ್-5 ಎಣ್ಣೆ. ಜಿಎಲ್-4ರಲ್ಲಿ ಅವು ಕಡಿಮೆ. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂದು ಮಾರುವವರಿದ್ದಾರೆ. ಗೇರ್ ಬದಲಿಸುವಾಗ ಎರಡು ಹಲ್ಲುಗಾಲಿಗಳ ವೇಗವನ್ನು ಸರಿದೂಗಿಸುವುದು ಸಿಂಕ್ರೊನೈಸರ್ ಉಂಗುರ, ಅದು ಕೆಲಸ ಮಾಡುವುದೇ ಘರ್ಷಣೆಯಿಂದ. ಎಣ್ಣೆ ಬೇಕಾದ್ದಕ್ಕಿಂತ ಜಾರಿದರೆ ಉಂಗುರ ಕಚ್ಚುವುದಿಲ್ಲ, ಗೇರ್ ಕರಕರ ಎನ್ನುತ್ತದೆ. ಉಂಗುರ ಹಿತ್ತಾಳೆಯದಾಗಿದ್ದರೆ ಕೆಲವು ಜಿಎಲ್-5 ಎಣ್ಣೆಗಳ ಗಂಧಕ ಅದನ್ನು ಕೊರೆಯುವುದೂ ಉಂಟು.

ಇನ್ನು 90 ಎಂಬ ಸಂಖ್ಯೆ. ಗೇರ್ ಎಣ್ಣೆಗೂ ಎಂಜಿನ್ ಎಣ್ಣೆಗೂ ಎಸ್‌ಎಇ ಅಳತೆಗೋಲು ಬೇರೆ ಬೇರೆ. ಗೇರ್ ಎಣ್ಣೆಯ 90 ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ಸ್ ಸ್ನಿಗ್ಧತೆ, ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಎಣ್ಣೆಯಷ್ಟು ದಪ್ಪ. ಹೋಂಡಾ ತನ್ನ ಮ್ಯಾನ್ಯುವಲ್ ಗೇರ್‌ಬಾಕ್ಸುಗಳಿಗೆ ಕೇಳುವುದು ತನ್ನದೇ ಎಂಟಿಎಫ್ (ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ದ್ರವವನ್ನು. ಅದು ಸಿಗದಿದ್ದರೆ ತಾತ್ಕಾಲಿಕವಾಗಿ ತೆಳುವಾದ ಎಂಜಿನ್ ಎಣ್ಣೆ ಹಾಕಬಹುದೆಂದು ಅದರ ಹಲವು ಕೈಪಿಡಿಗಳು ಹೇಳುತ್ತವೆ, ಹೊಸ ಕೈಪಿಡಿಗಳಲ್ಲಿ 0ಡಬ್ಲ್ಯು-20ರಷ್ಟು ತೆಳುವನ್ನು ಸಹ. ಆ ಅನುಮತಿಯಿಂದಲೇ ಪೆಟ್ಟಿಗೆಗೆ ಎಷ್ಟು ತೆಳು ಬೇಕೆಂದು ಊಹಿಸಬಹುದು. 90 ಸುರಿದರೆ ಬೆಳಿಗ್ಗೆ ಮೊದಲೆರಡು ಗೇರ್ ಬೀಳಿಸಲು ಕೈ ನೋಯುತ್ತದೆ. ಎಂಟಿಎಫ್ ಡಬ್ಬಕ್ಕೆ ಬೆಲೆ ಹೆಚ್ಚು, ಒಪ್ಪುತ್ತೇನೆ. ಆದರೆ ಬೇಕಾಗುವುದು ಎರಡು ಲೀಟರಿಗಿಂತ ಕಡಿಮೆ, ಅದೂ ಎಷ್ಟೋ ವರ್ಷಕ್ಕೊಮ್ಮೆ. ಇಲ್ಲಿ ಜಿಪುಣತನಕ್ಕೆ ಅರ್ಥವಿಲ್ಲ.

ಎಣ್ಣೆ ಇಳಿಸುವ ಮೊದಲು ತುಂಬಿಸುವ ಬಾಯಿಯ ಬೋಲ್ಟ್ ತೆರೆಯುತ್ತದೆಯೇ ನೋಡಿ. ನಿಮ್ಮೂರಿನ ಗಾಳಿಯಲ್ಲಿ ಅದೂ ಅಂಟಿರಬಹುದು. ಕೆಳಗಿನದನ್ನು ಬಿಚ್ಚಿ ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನದು ಬರದಿದ್ದರೆ ಕಾರು ಅಲ್ಲೇ ಕೂರಬೇಕು. ಕೆಳಗಿನ ಬೋಲ್ಟಿಗೆ ಆಯಸ್ಕಾಂತವಿದ್ದರೆ ಅದರ ಮೇಲೆ ಮಸಿಯಂಥ ಪುಡಿ ಇರುವುದು ಸಹಜ. ಚೂರುಗಳು ಕೈಗೆ ಸಿಕ್ಕರೆ ಪೆಟ್ಟಿಗೆಯನ್ನು ತೋರಿಸಬೇಕು, ಎಣ್ಣೆಯಲ್ಲಿ ಹೊಂಬಣ್ಣದ ಮಿನುಗು ಕಂಡರೆ ಸಿಂಕ್ರೊ ಉಂಗುರ ಸವೆಯುತ್ತಿದೆ. ಎರಡೂ ಬೋಲ್ಟಿಗೆ ಹೊಸ ವಾಷರ್ ಹಾಕಿ. ಕಾರು ಸಮತಟ್ಟಾಗಿ ನಿಂತಿರುವಾಗಲೇ ತುಂಬಿಸಿ. ಮೂತಿ ಎತ್ತಿ ನಿಲ್ಲಿಸಿ ತುಂಬಿಸಿದರೆ ಅಳತೆ ತಪ್ಪುತ್ತದೆ. ಮೇಲಿನ ಬಾಯಿಯಿಂದ ಎಣ್ಣೆ ಹೊರಗೆ ಜಿನುಗಲು ಶುರುವಾದಾಗ ನಿಲ್ಲಿಸಿ, ಮುಚ್ಚಿ.